ಕೆಂಪು ಚೌಕದ ಅಕ್ಕ

ಅಕ್ಕನ ಎಡಗೈ ಮೇಲೆ, ಮಣಿಕಟ್ಟಿನಿಂದ ಸ್ವಲ್ಪ ಮೇಲಕ್ಕೆ, ಹಸಿರು ಹಚ್ಚೆಯಲ್ಲಿ ‘ಪೆನ್ಸಿಲಿನ್ ಆಗದು’ ಎಂದು ಬರೆದಿತ್ತು. ನಮ್ಮ ಕಡೆ ಹೆಂಗಸರ ಕೈಮೇಲೆ ಹಚ್ಚೆ ಇರುವುದು ಹೊಸದೇನಲ್ಲ. ಅವ್ವನ ಹೆಸರು, ತುಳಸಿಕಟ್ಟೆ, ಚೇಳು, ಸಾಲು ಚುಕ್ಕಿ ಎಲ್ಲವನ್ನೂ ನೋಡಿದ್ದೇನೆ. ಔಷಧಿಯ ಹೆಸರು ಚುಚ್ಚಿಸಿಕೊಂಡವರೆಂದರೆ ಮಾತ್ರ ಅವಳೊಬ್ಬಳನ್ನೇ ನೋಡಿದ್ದು. ಹಚ್ಚೆಯವಳಿಗೆ ಓದಲು ಬರುತ್ತಿರಲಿಲ್ಲವಂತೆ. ಚೀಟಿ ಮುಂದಿಟ್ಟುಕೊಂಡು ರಂಗೋಲಿ ನಕಲು ಮಾಡಿದಂತೆ ಚುಚ್ಚಿದ್ದಳು. ಹಾಗಾಗಿ ಅಕ್ಷರಗಳು ಒಂದರ ಹೆಗಲ ಮೇಲೊಂದು ಕೂತಿದ್ದವು. ಮೊದಲ ದಿನ ನಾನು ಅದನ್ನೇ ಬಿಟ್ಟಕಣ್ಣಿಂದ ನೋಡುತ್ತಿದ್ದಾಗ ಅಕ್ಕ ನಕ್ಕು, “ಏನ್ ನೋಡ್ತೀಯೆ? ಇದೇ ನನ್ನ ಮೊದಲ್ನೇ ಬ್ಯಾಕಪ್ಪು. ಕರೆಂಟ್ ಹೋದ್ರೂ ಇರ್ತೈತೆ” ಎಂದಿದ್ದಳು.

ಚಳ್ಳಕೆರೆಯ ಟ್ರಸ್ಟ್ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಸಿಸ್ಟಂ ಅಕ್ಕ ಎನ್ನುತ್ತಿದ್ದರು. ಡಾಕ್ಟರುಗಳೂ ಹಾಗೇ ಕರೆಯುತ್ತಿದ್ದರು. ಔಷಧಿ ಅಂಗಡಿಯ ಹಿಂದಿನ ಇಕ್ಕಟ್ಟಾದ ಕೋಣೆಯಲ್ಲಿ ಆಸ್ಪತ್ರೆಯ ಸರ್ವರ್ ಇತ್ತು. ಬಂದುಹೋದ ಪ್ರತಿ ರೋಗಿಯ ವಿವರವೂ ಅದರ ಹೊಟ್ಟೆಯಲ್ಲಿ. ಅದಕ್ಕೆ ಸೆಕೆ ತಾಗಬಾರದೆಂದು ಎ.ಸಿ. ಹಾಕಿರುತ್ತಿದ್ದರು. ಹೊರಗೆ ಚಳ್ಳಕೆರೆಯ ಬಿಸಿಲು ನೆತ್ತಿ ಸುಡುತ್ತಿದ್ದರೆ, ಒಳಗೆ ಅಕ್ಕ ಕರಿಕಂಬಳಿ ಹೊದ್ದು ಕೂತಿರುತ್ತಿದ್ದಳು. ಏಪ್ರಿಲ್ ತಿಂಗಳಲ್ಲಿ ಕಂಬಳಿ ಹೊದ್ದು ಹೊರಬರುವ ಹೆಂಗಸನ್ನು ಕಂಡು ಹಳ್ಳಿಯಿಂದ ಬಂದ ರೋಗಿಗಳು ಪಾಪ, ಇವಳಿಗೂ ಚಳಿಜ್ವರ ಎಂದುಕೊಂಡು ಸಾಲಿನಲ್ಲಿ ಜಾಗ ಬಿಡುತ್ತಿದ್ದರು.

ನಾನು ಹೊರರೋಗಿ ಕೌಂಟರಿಗೆ ಸೇರಿದವಳು. ಡಿಗ್ರಿ ಇತ್ತು, ಕೆಲಸ ಬರುತ್ತಿರಲಿಲ್ಲ. ಕಲಿಸಿದವಳು ಅಕ್ಕ. ಕಲಿಸುವುದೆಂದರೆ ಬೆನ್ನು ಸವರಿ ಅಲ್ಲ. ತಪ್ಪು ಮಾಡಿದರೆ, “ನಿನ್ ತಲೇಲಿ ಏನ್ ಮಂಡಕ್ಕಿ ತುಂಬೈತಾ?” ಎಂದು ಹತ್ತು ಜನರ ಎದುರೇ ಕೇಳುತ್ತಿದ್ದಳು. ಮಧ್ಯಾಹ್ನ ತನ್ನ ಬುತ್ತಿಯ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಅರ್ಧ ಮುರಿದು ಕೈಗಿಡುತ್ತಿದ್ದಳು. ಆಯುಧಪೂಜೆಗೆ ಸರ್ವರಿಗೆ ವಿಭೂತಿ ಹಚ್ಚಲು ಬಿಡುತ್ತಿದ್ದಳು, ಹೂವಿನ ಹಾರಕ್ಕೂ ಒಪ್ಪುತ್ತಿದ್ದಳು. ತೆಂಗಿನಕಾಯಿ ಹಿಡಿದು ಯಾರಾದರೂ ಹತ್ತಿರ ಬಂದರೆ ಮಾತ್ರ ಬಾಗಿಲಿಗೆ ಅಡ್ಡ ನಿಂತು, “ಕಾಯಿ ನನ್ ತಲೆ ಮೇಲೆ ಒಡೀರಿ, ಇದರ ಹತ್ರ ಒಡೀಬ್ಯಾಡ್ರಿ” ಎನ್ನುತ್ತಿದ್ದಳು.

ಆ ಹಚ್ಚೆಯ ಹಿಂದೆ ಒಂದು ಸಾವಿತ್ತು. ಅಕ್ಕನ ಊರು ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ. ಅವಳ ಅವ್ವನಿಗೆ ಒಮ್ಮೆ ಚಳ್ಳಕೆರೆಯಲ್ಲಿ ಪೆನ್ಸಿಲಿನ್ ಕೊಟ್ಟಾಗ ಮೈಯೆಲ್ಲ ಬಾತು ಬದುಕಿದ್ದೇ ಹೆಚ್ಚಾಗಿತ್ತು. ಆ ಡಾಕ್ಟರು ತಮ್ಮ ಕಾರ್ಡಿನಲ್ಲಿ ಅದನ್ನು ಬರೆದಿಟ್ಟುಕೊಂಡರು. ಕಾರ್ಡು ಚಳ್ಳಕೆರೆಯಲ್ಲೇ ಉಳಿಯಿತು. ಮುಂದೆ ಕಾಲಿನ ಗಾಯ ಕೀವಾಗಿ ಅವ್ವ ಮೊಳಕಾಲ್ಮೂರಿನ ಯಾವುದೋ ಕ್ಲಿನಿಕ್ಕಿಗೆ ಹೋದಳು. ಔಷಧಿಯ ಹೆಸರು ಅವ್ವನಿಗೆ ಗೊತ್ತಿರಲಿಲ್ಲ, ಕ್ಲಿನಿಕ್ಕಿನವರು ಕೇಳಲೂ ಇಲ್ಲ. ಮತ್ತೆ ಅದೇ ಸೂಜಿ. ಅಕ್ಕ ಆಗ ಶಾಲೆಗೆ ಹೋಗುವ ಹುಡುಗಿ. ಮಗುವಿಗೂ ಇದೇ ದೋಷ ಇದ್ದೀತು ಎಂಬ ಹೆದರಿಕೆಗೆ ಅವಳ ಅಜ್ಜಿ ಹಚ್ಚೆಯವಳ ಮುಂದೆ ಕೂರಿಸಿ ಚುಚ್ಚಿಸಿದಳಂತೆ.

ಇದು ಗೊತ್ತಿದ್ದರೆ ಕೆಂಪು ಚೌಕ ಏನೆಂದು ಅರ್ಥವಾಗುತ್ತದೆ. ಅಕ್ಕ ನಮ್ಮ ಹಳೆಯ ಡೇಟಾಬೇಸಿನಲ್ಲಿ ‘ಆಗದ ಔಷಧಿ’ ಎಂಬ ಒಂದು ಅಂಕಣ ಮಾಡಿದ್ದಳು. ರೋಗಿಯ ಹೆಸರು ತೆರೆದ ಕೂಡಲೇ ಅದು ತೆರೆಯ ನೆತ್ತಿಯ ಮೇಲೆ ಕೆಂಪು ಚೌಕದಲ್ಲಿ ಕಾಣುತ್ತಿತ್ತು. ಅದನ್ನು ಇಂಗ್ಲಿಷಿನಲ್ಲಿ ಬರೆಯಲು ಬಿಡುತ್ತಿರಲಿಲ್ಲ. ಆಯಾಗೂ ಓದಲು ಬರಬೇಕು, ಆತುರದಲ್ಲಿ ಕಣ್ಣಿಗೆ ಬಡಿಯಬೇಕು ಎನ್ನುವುದು ಅವಳ ಹಟ. ಹೊಸ ರೋಗಿ ಬಂದರೆ ತಾನೇ ಹೋಗಿ ಪಕ್ಕ ಕೂತು, “ಯಾವ ಗುಳಿಗೆ ತಗಂಡ್ರೆ ಮೈ ಕಡಿತೈತೆ? ಯಾವ ಸೂಜಿಗೆ ಉಸ್ರು ಹಿಡಿತೈತೆ?” ಎಂದು ಕೇಳಿ ಕೇಳಿ ಬರೆಯುತ್ತಿದ್ದಳು. ಎಷ್ಟೋ ವರ್ಷ ಹೀಗೆ ಸೇರಿಸಿದ್ದಳು.

ಹಾಗೆ ಸೇರಿಸಿದವರಲ್ಲಿ ದೇವಸಮುದ್ರದ ಹತ್ತಿರದ, ಕುರಿ ಕಾಯುವ ಒಬ್ಬ ಅಜ್ಜನಿದ್ದ, ಕುರಿ ಅಜ್ಜ ಎನ್ನುತ್ತಿದ್ದೆವು. ಕಿವಿ ಪೂರ್ತಿ ಕೇಳುತ್ತಿರಲಿಲ್ಲ. ಏನು ಕೇಳಿದರೂ ನಕ್ಕು ತಲೆಯಾಡಿಸುವ ಮನುಷ್ಯ. ನೋವಿನ ಇಂಜೆಕ್ಷನ್ ಕೊಟ್ಟಾಗ ನಮ್ಮಲ್ಲೇ ಉಸಿರುಗಟ್ಟಿ, ಡಾಕ್ಟರು ಹೇಗೋ ಉಳಿಸಿಕೊಂಡಿದ್ದರು. ಅವನ ಹೆಂಡತಿ, ಬಾಯಿ ಜೋರಿನ ಅಜ್ಜಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, “ನಾನಿಲ್ದಾಗ ಇವನಿಗೆ ಯಾರಾನ ಮತ್ತೆ ಇದ್ನೇ ಚುಚ್ಚಿದ್ರೆ ಏನವ್ವ ಗತಿ?” ಎಂದು ಅತ್ತಳು. ಅಕ್ಕ ಕೆಂಪು ಚೌಕ ತೋರಿಸಿ ಧೈರ್ಯ ಹೇಳಿದಳು. “ಇನ್ನ ನೀನೇನೂ ಹೇಳ್ಬೇಕಾಗಿಲ್ಲಜ್ಜಿ. ಈ ಪೆಟ್ಟಿಗೇನೇ ಹೇಳ್ತೈತೆ.” ಅಜ್ಜಿ ಕಂಪ್ಯೂಟರಿಗೆ ಕೈಮುಗಿದು ಹೋದಳು.

ಹಾಗೆ ನೋಡಿದರೆ ಕ್ಲೌಡ್ ಬೇಕು ಎಂದು ಮೊದಲು ಹೇಳಿದವಳು ಅಕ್ಕನೇ. ಮೊಳಕಾಲ್ಮೂರಿನಲ್ಲಿ ನಮ್ಮ ಶಾಖೆ ತೆರೆದಾಗಿನಿಂದ ಅವಳಿಗೆ ಅದೇ ಧ್ಯಾನ. ಇಲ್ಲಿನ ಕೆಂಪು ಚೌಕ ಅಲ್ಲಿ ಕಾಣುತ್ತಿರಲಿಲ್ಲ. ಅವ್ವ ಸತ್ತ ಊರು ಅದು. ನನಗೆ ಅರ್ಥ ಮಾಡಿಸಿದ್ದಳು: “ಮೋಡ ಗೀಡ ಏನಿಲ್ಲ ಕಣೇ, ಬ್ಯಾರೇರ ಮನೇಲಿ ಬಾಡಿಗೆಗಿರೋದು. ಆದ್ರೆ ಆ ಮನೇಲಿ ಕರೆಂಟ್ ಹೋಗಲ್ಲ, ಯಾವ ಊರಿಂದ ಬಾಗ್ಲು ಬಡಿದ್ರೂ ತೆಗೀತಾರೆ.” ವರ್ಷವರ್ಷವೂ ಟ್ರಸ್ಟಿನ ಅಧ್ಯಕ್ಷರ ಮುಂದೆ ಹೋಗಿ ಕೇಳುತ್ತಿದ್ದಳು. ಅಧ್ಯಕ್ಷರದು ಎಣ್ಣೆ ಮಿಲ್ಲು. “ಓಡ್ತಾ ಐತಲ್ಲಮ್ಮ, ಓಡೋ ಎತ್ತಿಗೆ ಯಾಕೆ ಬಾರುಕೋಲು?” ಎಂದು ಕಳಿಸುತ್ತಿದ್ದರು.

ಆಮೇಲೆ ಬಳ್ಳಾರಿಯಲ್ಲಿ ಯಾರದೋ ಆಸ್ಪತ್ರೆ ಕ್ಲೌಡಿಗೆ ಹೋಯಿತೆಂದು ಅಧ್ಯಕ್ಷರ ಕಿವಿಗೆ ಬಿತ್ತು. ಅಲ್ಲಿಗೆ ನಮ್ಮದೂ ಶುರುವಾಯಿತು. ಒಂದು ಕಂಪನಿಯನ್ನು ಕರೆಸಿದರು. ಅದಕ್ಕಿಂತ ಮೊದಲು ಪುರೋಹಿತರನ್ನು ಕರೆಸಿದರು. ಮುಹೂರ್ತ ಗೊತ್ತಾಯಿತು, ಉದ್ಘಾಟನೆಗೆ ದೊಡ್ಡ ಮನುಷ್ಯರ ದಿನಾಂಕ ಸಿಕ್ಕಿತು, ಆಹ್ವಾನ ಪತ್ರಿಕೆ ಹಂಚಿದ್ದಾಯಿತು. ಇಷ್ಟಾದ ಮೇಲೆ ಅಕ್ಕನನ್ನು ಕರೆದು, “ಅವತ್ತಿಗೆ ಎಲ್ಲಾ ಮ್ಯಾಲೆ ಹೋಗಿರ್ಬೇಕು” ಎಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ.

ಅಕ್ಕ ಹೆಜ್ಜೆಹೆಜ್ಜೆಯಾಗಿ ವಿವರಿಸಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. “ನಮ್ಮ ಡೇಟಾಬೇಸ್ ಬಾಳ ಹಳೇದು ಸಾರ್. ಜಟಿಂಗರಾಮನ ಬೆಟ್ಟ ಒಂದೇ ಉಸ್ರಿಗೆ ಹತ್ತಾಕಾಗಲ್ಲ, ನಡುವೆ ಕೂತು ಸುಧಾರಿಸ್ಕಬೇಕು. ಮೊದ್ಲು ಇಲ್ಲೇ ಅದನ್ನ ಹೊಸ ಆವೃತ್ತಿಗೆ ತರ್ಬೇಕು, ತಾಳೆ ನೋಡ್ಬೇಕು, ಆಮ್ಯಾಲೆ ಮ್ಯಾಲೆ ಕಳಿಸ್ಬೇಕು. ಕೆಂಪು ಚೌಕದ ಕನ್ನಡ ಹಳೇ ಫಾಂಟಲ್ಲೈತೆ. ಹಂಗೇ ಎತ್ತಿಹಾಕಿದ್ರೆ ಅಲ್ಲಿ ಅಕ್ಷರಾನೇ ಇರಲ್ಲ. ಬದ್ಲಾಯಿಸಾಕೆ ಟೈಮ್ ಕೊಡ್ರಿ.”

ಅಧ್ಯಕ್ಷರು ಕಂಪನಿಯ ಇಂಜಿನಿಯರ ಕಡೆ ನೋಡಿದರು. ಆ ಮನುಷ್ಯ, “ಆಗುತ್ತೆ ಸಾರ್” ಎಂದ. ಆಗುತ್ತೆ ಎನ್ನುವವನು ಒಬ್ಬ ಸಿಕ್ಕರೆ ಆಗಲ್ಲ ಎನ್ನುವವರ ಮಾತು ಯಾರಿಗೆ ಬೇಕು? “ಮುಹೂರ್ತ ಮೀರಾಕಾಗಲ್ಲಮ್ಮ” ಎಂದು ಅಧ್ಯಕ್ಷರು ಎದ್ದರು. ಅಕ್ಕ ಬಿಡಲಿಲ್ಲ. ಹಾಗಾದರೆ ಹೊಸದು ಶುರುವಾದ ಮೇಲೂ ಹಳೆಯ ಸರ್ವರ್ ಓಡುತ್ತಲೇ ಇರಬೇಕು, ತಾನು ಕನ್ನಡವನ್ನೆಲ್ಲ ಬದಲಾಯಿಸಿ ಮುಗಿಸುವ ತನಕ ಮೊಳಕಾಲ್ಮೂರಿನವರು ಅನುಮಾನ ಬಂದರೆ ಫೋನು ಮಾಡಿ ಹಳೆಯದನ್ನು ನೋಡಿಸಿಕೊಳ್ಳಬೇಕು ಎಂದಳು. “ಹೊಸ ಒಲೇಲಿ ಅನ್ನ ಬೇಯೋ ತನಕ ಹಳೇ ಒಲೆ ಆರಿಸ್ಬಾರ್ದು ಸಾರ್.” ಅಧ್ಯಕ್ಷರು ಹೂಂ ಎಂದರು. ನಾನು ನನ್ನ ಕಿವಿಯಾರೆ ಕೇಳಿದ್ದೇನೆ, ಹೂಂ ಎಂದರು.

ಉದ್ಘಾಟನೆಯ ಹಿಂದಿನ ದಿನ ದೊಡ್ಡ ತೆರೆಯ ಮೇಲೆ ರೋಗಿಗಳ ವಿವರ ಹಾಕಿ ನೋಡಿದರು. ಹೆಸರು, ವಯಸ್ಸು, ಊರು ಇಂಗ್ಲಿಷಿನಲ್ಲಿದ್ದವು, ಸರಿಯಾಗಿ ಬಂದವು. ಕೆಂಪು ಚೌಕದಲ್ಲಿ ಬರೀ ಪ್ರಶ್ನೆಚಿಹ್ನೆಗಳ ಸಾಲು. ಅತಿಥಿಗಳ ಮುಂದೆ ಇದು ಗಲೀಜು ಕಾಣುತ್ತದೆ ಎಂದರು ಟ್ರಸ್ಟಿನ ಕಾರ್ಯದರ್ಶಿಗಳು. ಇಂಜಿನಿಯರು ಒಂದು ಗುಂಡಿ ಒತ್ತಿ ಆ ಅಂಕಣವನ್ನೇ ಮರೆಮಾಡಿದ. ತೆರೆ ಚೊಕ್ಕಟವಾಯಿತು. ಎಲ್ಲರಿಗೂ ಸಮಾಧಾನ. ಅಕ್ಕ ಮಾತ್ರ ಹೊರಗೆ ಬಂದು, “ಹಳೇದು ಉಸಿರಾಡ್ತಾ ಐತೆ ತಾನೇ? ಅಷ್ಟಿದ್ರೆ ಸಾಕು ಕಣೇ” ಎಂದಳು. ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ.

ಮಾರನೆಯ ದಿನ ಶಾಮಿಯಾನ, ಓಲಗ, ಭಾಷಣ. ಅಕ್ಕನನ್ನೂ ವೇದಿಕೆಗೆ ಕರೆದು ಶಾಲು ಹೊದಿಸಿ ಹಾರ ಹಾಕಿದರು. ಮುಂದೆ ಆ ಶಾಲಿನಲ್ಲಿ ಅವಳು ಕೀಬೋರ್ಡಿನ ಧೂಳು ಒರೆಸುತ್ತಿದ್ದಳು. ಹಾರ ಹಾಕಿಸಿಕೊಂಡು, ಊಟದ ಪಂಕ್ತಿಯಲ್ಲಿ ಅತಿಥಿಗಳ ಪಕ್ಕ ಕೂತು ಉಂಡು ಅವಳು ಹಿಂದಿರುಗುವ ಹೊತ್ತಿಗೆ ಸರ್ವರ್ ಕೋಣೆ ಬರಿದಾಗಿತ್ತು. ನೆಲದ ಮೇಲೆ ಸರ್ವರ್ ನಿಂತಿದ್ದ ಜಾಗದಲ್ಲಿ ಧೂಳಿನ ಚೌಕ, ಕುಂಕುಮ, ಎರಡು ಹೂವಿನ ಎಸಳು. ಎ.ಸಿ. ಓಡುತ್ತಲೇ ಇತ್ತು.

ಅಧ್ಯಕ್ಷರನ್ನು ಕೇಳಿದಾಗ ಅವರು ಕೋಪವನ್ನೂ ಮಾಡಿಕೊಳ್ಳಲಿಲ್ಲ. ಎಳೆಯ ಮಗುವಿಗೆ ಹೇಳುವಂತೆ ಹೇಳಿದರು: “ಹೊಸ ಮೂರ್ತಿ ಪ್ರತಿಷ್ಠೆ ಆದ ಮ್ಯಾಲೆ ಹಳೇ ಮೂರ್ತಿನ ಗುಡೀಲಿ ಇಟ್ಕಂತಾರೇನಮ್ಮ? ಭಿನ್ನ ಆಗ್ತೈತೆ. ಪೂಜೆ ಮಾಡ್ಸಿ, ಮರ್ಯಾದೆಯಾಗೇ ಕಳಿಸಿದೀವಿ.” ಮರ್ಯಾದೆಯಾಗಿ ಕಳಿಸಿದ್ದು ಗುಜರಿಗೆ. ಯಾವ ಗುಜರಿ ಎಂದು ಹೇಳಲು ಅವತ್ತು ಯಾರಿಗೂ ಪುರಸೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹುಡುಕಿಕೊಂಡು ಇಬ್ಬರೂ ಹೋದೆವು. ಗುಜರಿ ಅಂಗಡಿಯ ಸಾಬರು ನಮ್ಮನ್ನು ಕಂಡು ಸ್ಟೂಲು ಒರೆಸಿಕೊಟ್ಟರು. ಡಿಸ್ಕುಗಳನ್ನು ಬಿಚ್ಚಿ, ತಾಮ್ರ ಬೇರೆ, ಅಲ್ಯೂಮಿನಿಯಂ ಬೇರೆ ಮಾಡಿ ಆಗಿತ್ತು. ಅಕ್ಕ ಕನ್ನಡಿಯಂಥ ಒಂದು ಬಿಲ್ಲೆಯನ್ನು ಎತ್ತಿಕೊಂಡಳು. ನಡುವೆ ಬಾಗಿಹೋಗಿತ್ತು. “ಮಾಫ್ ಮಾಡ್ರಮ್ಮ, ಒಂದು ಮಾತು ಫೋನ್ ಬಂದಿದ್ರೂ ಮುಟ್ಟಿಸ್ತಿರಲಿಲ್ಲ” ಎಂದರು ಸಾಬರು. ಈ ಇಡೀ ಪ್ರಕರಣದಲ್ಲಿ ಕ್ಷಮೆ ಕೇಳಿದ ಗಂಡಸು ಅವರೊಬ್ಬರೇ.

ಬ್ಯಾಕಪ್ ಇರಲಿಲ್ಲವೇ ಎಂದು ಕೇಳುವವರು ಕೇಳುತ್ತಾರೆ. ಇತ್ತು. ಅಂಥದ್ದನ್ನು ಅಕ್ಕ ಬಿಡುವವಳೇ ಅಲ್ಲ. ಹೊರಗಿನ ಒಂದು ಹಾರ್ಡ್ ಡಿಸ್ಕಿನಲ್ಲಿ ಎಲ್ಲವನ್ನೂ ಇಟ್ಟು ಬೀರುವಿನಲ್ಲಿ ಬೀಗ ಹಾಕಿದ್ದಳು. ಕಂಪನಿಯವರು ವಿವರಗಳನ್ನು ಮೇಲಕ್ಕೆ ಏರಿಸಲು ಅದನ್ನೇ ಒಯ್ದಿದ್ದರು. ಕೇಳಿ ಕೇಳಿ ಸಾಕಾದ ಮೇಲೆ ವಾಪಸು ಕಳಿಸಿದರು. ಅಕ್ಕ ಅದನ್ನು ತೆರೆದಳು. ಉದ್ಘಾಟನೆಯ ಫೋಟೋಗಳಿದ್ದವು. ವಿಡಿಯೋ ಕೂಡ ಇತ್ತು, ಓಲಗದ ಸದ್ದಿನ ಸಮೇತ. ಜಾಗ ಸಾಲದೆಂದು ಮೊದಲಿದ್ದದ್ದನ್ನು ಪೂರ್ತಿ ಒರೆಸಿ, ಕಾಣಿಕೆಯೆಂದು ಇದನ್ನು ತುಂಬಿಕೊಟ್ಟಿದ್ದರು. ಅಕ್ಕ ಅಳುತ್ತಾಳೆ ಎಂದುಕೊಂಡೆ. ಅವಳು ವಿಡಿಯೋ ನೋಡುತ್ತ ಕೂತಳು. ತನಗೆ ಶಾಲು ಹೊದಿಸುವ ದೃಶ್ಯ ಬಂದಾಗ, “ನೋಡೇ, ಹೆಂಗ್ ಹಲ್ ಕಿರಿತಾ ಇದೀನಿ” ಎಂದಳು.

ಆಮೇಲಿನ ದಿನಗಳಲ್ಲಿ ಅವಳಿಗೆ ಉಳಿದದ್ದು ಒಂದೇ ಕೆಲಸ. ಮೊಳಕಾಲ್ಮೂರಿಗೆ ಫೋನು ಮಾಡಿ ಒಬ್ಬೊಬ್ಬ ನರ್ಸಿಗೂ, “ತೆರೆ ನಂಬಬ್ಯಾಡ್ರಿ, ಬಾಯಿ ಬಿಟ್ಟು ಕೇಳ್ರಿ, ಜೊತೇಗೆ ಬಂದೋರನ್ನೂ ಕೇಳ್ರಿ” ಎಂದು ಬೇಡಿಕೊಳ್ಳುವುದು. ಅದನ್ನೇ ದೊಡ್ಡದಾಗಿ ಬರೆದು ಗೋಡೆಗೆ ಹಚ್ಚಿಸಿದಳು. ಹೊಸ ಸಿಸ್ಟಮ್ಮಿನ ಮೇಲೆ ಜನರ ನಂಬಿಕೆ ಹೋಗುತ್ತದೆ ಎಂದು ಕಾರ್ಯದರ್ಶಿಗಳು ಕಿತ್ತುಹಾಕಿಸಿದರು.

ಕುರಿ ಅಜ್ಜ ಬೆನ್ನುನೋವೆಂದು ಒಬ್ಬನೇ ಮೊಳಕಾಲ್ಮೂರಿಗೆ ಹೋದದ್ದು ಆಗಲೇ. ಅಜ್ಜಿ ಮಗಳ ಮನೆಗೆ ಹೋಗಿದ್ದಳು. ನರ್ಸು ಹೊಸಬಳು. ಅಜ್ಜನ ವಿವರ ಕ್ಲೌಡಿನಿಂದ ಚಕ್ಕನೆ ಬಂತು. ಹೆಸರು, ವಯಸ್ಸು, ಊರು, ಎಲ್ಲ ಚೊಕ್ಕಟ. ಔಷಧಿಯೆಲ್ಲ ಮೈಗೆ ಆಗುತ್ತದೆ ತಾನೇ ಎಂದು ಅವಳು ಕೇಳಿದಳಂತೆ. ಅಜ್ಜ ನಕ್ಕು ತಲೆಯಾಡಿಸಿದನಂತೆ. ಮತ್ತೆ ಅದೇ ಸೂಜಿ. ಬಳ್ಳಾರಿಗೆ ಒಯ್ಯುವಾಗ ರಾಂಪುರ ದಾಟುವ ಮೊದಲೇ ಆಂಬುಲೆನ್ಸಿನಲ್ಲಿ ಜೀವ ಹೋಯಿತು.

ಅಜ್ಜಿ ಚಳ್ಳಕೆರೆಗೆ ಬಂದಳು. ಅಧ್ಯಕ್ಷರ ಕಾರಿಗೆ ಅಡ್ಡ ನಿಂತಳು. ಕಾರ್ಯದರ್ಶಿಗಳು ಇಳಿದು ಅಕ್ಕನ ಕಡೆ ಬೆರಳು ತೋರಿಸಿದರು: “ಕಂಪ್ಯೂಟರ್ ನೋಡ್ಕಳೋಳು ಅವಳು. ಅವಳನ್ನ ಕೇಳು.” ಅಜ್ಜಿ ಅಕ್ಕನ ಮುಂದೆ ಬಂದು ನಿಂತು, “ಪೆಟ್ಟಿಗೇನೇ ಹೇಳ್ತೈತೆ ಅಂದ್ಯಲ್ಲವ್ವಾ! ನಾನು ನಂಬ್ಕಂಡು ಅವನನ್ನ ಒಂಟಿ ಬಿಟ್ಟು ಹೋಗಿದ್ನಲ್ಲವ್ವಾ!” ಎಂದು ಎದೆ ಬಡಿದುಕೊಂಡಳು. ಆಮೇಲೆ ನೆಲದ ಮಣ್ಣು ಬಾಚಿ ಅಕ್ಕನ ಮುಖಕ್ಕೆ ತೂರಿದಳು. “ನೀ ಚೇತುಲು ಪಡಿಪೋನು” ಎಂದಳು. ನಿನ್ನ ಕೈ ಬಿದ್ದುಹೋಗಲಿ ಎಂದು. ಆ ಗಡಿಯವರಿಗೆ ಸಂಕಟ ಮೀರಿದರೆ ತೆಲುಗೇ ಬಾಯಿಗೆ ಬರುವುದು. ಅಕ್ಕ ಮಣ್ಣನ್ನು ಒರೆಸಿಕೊಳ್ಳಲಿಲ್ಲ, ಒಂದು ಮಾತನ್ನೂ ಆಡಲಿಲ್ಲ.

ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ. ಎಲ್ಲವನ್ನೂ ಅಜ್ಜಿಗೆ ಹೇಳುತ್ತೇನೆಂದು ಹೊರಟೆ. ಅಕ್ಕ ನನ್ನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡಳು. “ನಾನಿರೋ ತನಕ ಹೇಳಲ್ಲ ಅಂತ ಆಣೆ ಮಾಡು. ಮಾತು ಕೊಟ್ಟೋಳು ನಾನು ಕಣೇ. ಅಧ್ಯಕ್ಷರು ಕೊಟ್ಟಿದ್ದಲ್ಲ, ಕಂಪನಿಯೋರು ಕೊಟ್ಟಿದ್ದಲ್ಲ.” ಆಣೆ ಮಾಡಿದೆ. ಇವತ್ತಿಗೂ ಆ ಆಣೆಯ ಮೇಲೆ ನನಗೆ ಕೋಪವಿದೆ.

ವಿಚಾರಣೆ ನಡೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಿಸ್ಟಂ ವಿಭಾಗದ ಬೇಜವಾಬ್ದಾರಿ ಎಂದಾಯಿತು. ಆ ವಿಭಾಗದಲ್ಲಿ ಅಕ್ಕನನ್ನು ಬಿಟ್ಟರೆ ಕಂಬಳಿ ಇತ್ತು. ಕೆಲಸದಿಂದ ತೆಗೆದರು. ನಾನೂ ಬಿಡುತ್ತೇನೆ ಎಂದಾಗ ಬೈದು ಕೂರಿಸಿದಳು: “ನೀನೂ ಬಿಟ್ರೆ ಆ ಚೌಕ ಮತ್ತೆ ಯಾರೇ ತುಂಬೋರು? ಕೂತ್ಕಂಡು ಕೇಳು, ಬರಿ.” ಹೋಗುವಾಗ ಕಂಬಳಿಯನ್ನು ನನ್ನ ಕುರ್ಚಿಯ ಮೇಲೆ ಬಿಟ್ಟುಹೋದಳು.

ಆಮೇಲೆ ರಾಂಪುರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪಹಣಿ ತೆಗೆಯುತ್ತ, ಅರ್ಜಿ ತುಂಬುತ್ತ ದಿನ ದೂಡಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಅಂಗಡಿಗೆ ಬಂದವರು, ಆಸ್ಪತ್ರೆಯಲ್ಲಿ ಮನುಷ್ಯನನ್ನು ಕೊಂದವಳು ಇವಳೇ ಅಂತೆ ಎಂದು ಅವಳಿಗೆ ಕೇಳುವ ಹಾಗೆಯೇ ಪಿಸುಗುಡುತ್ತಿದ್ದರು. ನಾನು ಬಸ್ಸು ಹಿಡಿದು ಹೋದಾಗಲೆಲ್ಲ ಅವಳು ಕೇಳುತ್ತಿದ್ದುದು ಒಂದೇ: “ಎಲ್ಲೀಗಂಟ ತುಂಬಿದ್ಯೇ?” ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದು ಬಳ್ಳಾರಿಗೆ ಅಲೆಯುವಂತಾಯಿತು. ಅಲ್ಲಿ ಪ್ರತಿಸಲ ಸೂಜಿ ಹಿಡಿದು ಬಂದವರ ಮುಂದೆ ಎಡಗೈ ಚಾಚುತ್ತಿದ್ದಳಂತೆ, ಓದಿಕೊಳ್ಳಲಿ ಎಂದು.

ಹೋದ ಬೇಸಿಗೆಯಲ್ಲಿ ಅಕ್ಕ ಹೋದಳು. ದೇವಸಮುದ್ರದಲ್ಲಿ ಅವಳ ತಮ್ಮನ ಹೊಲದಲ್ಲಿ, ಅವ್ವನ ಪಕ್ಕದಲ್ಲಿ ಮಣ್ಣು. ದೇವಸಮುದ್ರದ ಬಸ್ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಫ್ಲೆಕ್ಸು. ವೇದಿಕೆಯಲ್ಲಿ ಶಾಲು ಹೊದ್ದ ಅಕ್ಕನ ಅದೇ ಫೋಟೋ. ‘ನಮ್ಮ ಆಸ್ಪತ್ರೆಯ ಡಿಜಿಟಲ್ ಕ್ರಾಂತಿಯ ರೂವಾರಿಗೆ ಭಾವಪೂರ್ಣ ಶ್ರದ್ಧಾಂಜಲಿ.’ ಕೆಳಗೆ ಅಧ್ಯಕ್ಷರು ಕೈಮುಗಿದು ನಿಂತಿದ್ದರು, ಅಕ್ಕನಿಗಿಂತ ದೊಡ್ಡದಾಗಿ. ಡಿಸ್ಕಿನಲ್ಲಿ ಉಳಿಸಿದ್ದ ಫೋಟೋ ಕೊನೆಗೂ ಉಪಯೋಗಕ್ಕೆ ಬಂತು. ನಾನು ಅದರ ಮೇಲೆ ಉಗಿದೆ. ಯಾರು ನೋಡಿದರೆಂದು ನನಗೆ ಗೊತ್ತಿಲ್ಲ, ನೋಡಿದ್ದರೆ ಒಳ್ಳೆಯದೇ.

ಆಣೆ ಮುಗಿದಿತ್ತು. ಹೊಲಕ್ಕೆ ಹೋಗುವ ಮೊದಲು ಅಜ್ಜಿಯ ಹಟ್ಟಿಗೆ ಹೋದೆ. ಮುಹೂರ್ತದಿಂದ ಗುಜರಿಯವರೆಗೆ, ಮರೆಮಾಡಿದ ಚೌಕದಿಂದ ಓಲಗದ ವಿಡಿಯೋವರೆಗೆ ಒಂದೂ ಬಿಡದೆ ಹೇಳಿದೆ. ಅಜ್ಜಿ ಕುರಿಗಳ ಕಡೆ ನೋಡುತ್ತ ಕೇಳಿಸಿಕೊಂಡಳು. ಸೆರಗು ಹೊದ್ದು ನನ್ನ ಹಿಂದೆ ನಡೆದಳು.

ನಮ್ಮವರು ಒಂದು ಮಾತು ಹೇಳುತ್ತಾರೆ, ಸತ್ತಾಗ ಒಡವೆ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಮಾತ್ರ ಜೊತೆಗೆ ಬರುತ್ತದೆ ಎಂದು. ಕುಣಿಯಲ್ಲಿ ಅಕ್ಕನ ಎಡಗೈ ಮೇಲುಮುಖವಾಗಿತ್ತು. ಒಂದರ ಹೆಗಲ ಮೇಲೊಂದು ಕೂತ ಅಕ್ಷರಗಳು ಬಿಸಿಲಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಎಲ್ಲರೂ ಮಣ್ಣು ಹಾಕಿದರು. ಅಜ್ಜಿಯ ಸರದಿ ಬಂತು. ಹಿಡಿ ಮಣ್ಣು ತೆಗೆದುಕೊಂಡವಳು ಹಾಕಲಾರದೆ ನಿಂತಳು. ಆಮೇಲೆ ಅಲ್ಲೇ ಅಂಚಿಗೆ ಕೂತು, ತೋಳು ಕೆಳಗೆ ಚಾಚಿ, ತೂರದೆ, ಸುರಿಯದೆ, ಆ ಮಣ್ಣನ್ನು ಅಕ್ಕನ ಕೈ ಪಕ್ಕದಲ್ಲಿ ಮೆಲ್ಲಗೆ ಇಟ್ಟಳು.

“ಪೆಟ್ಟಿಗೆ ಹೇಳ್ಲಿಲ್ಲ” ಎಂದಳು. “ನೀನಾದ್ರೂ ಬಾಯಿ ಬಿಟ್ಟು ಹೇಳ್ಬಾರ್ದಿತ್ತೇನೇ ನನ್ನವ್ವಾ.”